ಪಾಲ್ಮಿಟೇಟ್ ಹಾಕದ ಮೈಕ್ರೋಗ್ಲಿಯಾ ಕೂಡ ಯಾಕೆ ಕೆರಳುತ್ತಿದೆ?

ಬೆಣ್ಣೆದೋಸೆ ಹುಡುಗಿ, ದಾವಣಗೆರೆ:
ಎಂಎಸ್ಸಿ ಪ್ರಾಜೆಕ್ಟಿಗೆ ಇಲಿಯ ಮೈಕ್ರೋಗ್ಲಿಯಾ, ಬಿವಿ2 ಕೋಶ ಬೆಳೆಸುತ್ತಿದ್ದೇನೆ. ಕೊಬ್ಬು ಜಾಸ್ತಿಯಾದರೆ ಮೆದುಳಿನ ಈ ಕಾವಲು ಕೋಶಗಳು ಸಕ್ಕರೆಯನ್ನು ಹೇಗೆ ಬಳಸುತ್ತವೆ ಅಂತ ನೋಡಬೇಕು. ಕೊಬ್ಬನ್ನು ಹೊತ್ತೊಯ್ಯುವ ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಜೊತೆ ಕೂಡಿಸಿ 200 ಮೈಕ್ರೋಮೋಲಾರ್ ಪಾಲ್ಮಿಟೇಟ್ (ಒಂದು ಕೊಬ್ಬಿನಾಮ್ಲ) ಹಾಕಿದೆ. ಮೀಡಿಯಾಗೆ (ಕೋಶ ಬೆಳೆಸುವ ದ್ರವ) ಬಿದ್ದ ಕೂಡಲೇ ಬಿಳಿ ಹುಡಿ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸೂಜಿ ಸೂಜಿ. ಅದಕ್ಕಿಂತ ತಲೆ ಕೆಡಿಸಿದ್ದು ಇನ್ನೊಂದು. 24 ಗಂಟೆ ಬಿಟ್ಟು ನೋಡಿದರೆ ಪಾಲ್ಮಿಟೇಟ್ ಹಾಕಿದ ವೆಲ್‌ಗಳ (ಪ್ಲೇಟಿನ ಗುಳಿಗಳು) ಹಾಗೇ ಹೋಲಿಕೆಗೆ ಬರೀ ಬಿಎಸ್‌ಎ ಹಾಕಿದ ಕಂಟ್ರೋಲ್ ವೆಲ್‌ಗಳೂ ಹಳದಿ! ಏನೂ ಹಾಕದ ವೆಲ್ ಮಾತ್ರ ಕೆಂಪಗಿದೆ. ಉರಿಯೂತ ತೋರಿಸುವ ಟಿಎನ್‌ಎಫ್ ಆಲ್ಫಾ ಪ್ರೋಟೀನ್ ಹಳದಿಯಾದ ಎರಡೂ ಬಗೆಯ ವೆಲ್‌ಗಳಲ್ಲಿ ಏರಿದೆ. ಮೂರು ಸಲ ಮಾಡಿದೆ, ಮೂರೂ ಸಲ ಅದೇ.

ಕೋಟೆ ಕಲ್ಲು, ಚಿತ್ರದುರ್ಗ:
ಹುಡಿ ಸುಲಭ. ಪಾಲ್ಮಿಟಿಕ್ ಆಮ್ಲ ಕರಗುವುದೇ ಸುಮಾರು 63 ಡಿಗ್ರಿಗೆ. ಚಳಿಯಲ್ಲಿ ತುಪ್ಪದ ಡಬ್ಬಿ ಗಟ್ಟಿಯಾಗುತ್ತದಲ್ವಾ, ಅದೇ ಕತೆ. ಸೋಡಿಯಂ ಪಾಲ್ಮಿಟೇಟನ್ನು 150 ಮಿಲಿಮೋಲಾರ್ ಉಪ್ಪುನೀರಿನಲ್ಲಿ 70 ಡಿಗ್ರಿಗೆ ತಿಳಿಯಾಗುವ ತನಕ ಕಾಯಿಸಿ. ಬಿಎಸ್‌ಎ 37ರಲ್ಲಿ ತಿರುಗುತ್ತಿರಲಿ, ಅದಕ್ಕೆ ಬಿಸಿ ಇರುವಾಗಲೇ ಸ್ವಲ್ಪ ಸ್ವಲ್ಪ ಬಿಡಿ. ಬಿಎಸ್‌ಎಯನ್ನೇ 70ಕ್ಕೆ ಕಾಯಿಸಿದರೆ ಬೇಯಿಸಿದ ಮೊಟ್ಟೆ ಆಗುತ್ತದೆ. ಒಂದು ಬಿಎಸ್‌ಎ ಅಣುವಿಗೆ ಆರು ಪಾಲ್ಮಿಟೇಟ್ ಅಣು, ಅದಕ್ಕಿಂತ ಜಾಸ್ತಿ ಬೇಡ. ಮೀಡಿಯಾ ಫ್ರಿಜ್‌ನಿಂದ ನೇರ ತಂದಿದ್ದಾ?

ಬೆಣ್ಣೆದೋಸೆ ಹುಡುಗಿ:
ಹೌದು ಸರ್ 🙈

ಕೋಟೆ ಕಲ್ಲು:
37ಕ್ಕೆ ಬಿಸಿ ಮಾಡಿಯೇ ಹಾಕಿ. ಇನ್ನು ಹಳದಿ ಬಣ್ಣ. ಕೆರಳಿದ ಮೈಕ್ರೋಗ್ಲಿಯಾ ಮೈಟೋಕಾಂಡ್ರಿಯಾದ (ಕೋಶದ ಶಕ್ತಿಕೇಂದ್ರ) ಕೆಲಸ ತಗ್ಗಿಸಿ ಗ್ಲೈಕಾಲಿಸಿಸ್, ಅಂದರೆ ಆಮ್ಲಜನಕ ಬಳಸದೆ ಸಕ್ಕರೆ ಒಡೆಯುವ ದಾರಿಯ ಕಡೆ ವಾಲುತ್ತದೆ, ಲ್ಯಾಕ್ಟಿಕ್ ಆಮ್ಲ ಚೆಲ್ಲುತ್ತದೆ, ಮೀಡಿಯಾದಲ್ಲಿರುವ ಬಣ್ಣ ಫೀನಾಲ್ ರೆಡ್ ಆ ಹುಳಿಗೆ ಹಳದಿಯಾಗುತ್ತದೆ. ಆದರೆ ಇಲ್ಲಿ ಕೆರಳಿಸಿದ್ದು ಕೊಬ್ಬಲ್ಲ, ಬಿಎಸ್‌ಎ ಬಾಟಲಿ ಅಂತ ನನ್ನ ಗುಮಾನಿ. ಮಾಮೂಲಿ ಬಿಎಸ್‌ಎಯಲ್ಲಿ ಬ್ಯಾಕ್ಟೀರಿಯಾದ ಹೊರಪದರದ ಎಲ್‌ಪಿಎಸ್ ಚೂರುಪಾರು ಇರುತ್ತದೆ. ಅದನ್ನು ಗುರುತಿಸಿ ಕೋಶವನ್ನು ಕೆರಳಿಸುವ ಟಿಎಲ್‌ಆರ್4 ಗ್ರಾಹಕಕ್ಕೆ ಅಷ್ಟು ಸಾಕು. ಇದೇ ತಪ್ಪಿನಲ್ಲಿ ನಾನು ಆರು ತಿಂಗಳು ಕಳೆದಿದ್ದೇನೆ, ಗ್ರಾಫ್ ಎಷ್ಟು ಚೆನ್ನಾಗಿತ್ತು ಅಂದರೆ ಅನುಮಾನವೇ ಬರಲಿಲ್ಲ. ಕಂಟ್ರೋಲ್ ವೆಲ್‌ಗೆ ಪಾಲಿಮಿಕ್ಸಿನ್ ಬಿ ಅನ್ನೋ ಆ್ಯಂಟಿಬಯಾಟಿಕ್ ಹಾಕಿ. ಅದು ಎಲ್‌ಪಿಎಸ್ ಹಿಡಿದುಕೊಳ್ಳುತ್ತದೆ. ಟಿಎನ್‌ಎಫ್ ಇಳಿದರೆ ಕಳ್ಳ ಸಿಕ್ಕಿದ. ಆಮೇಲೆ ಕೊಬ್ಬಿನಾಮ್ಲ ತೆಗೆದ, ಎಂಡೋಟಾಕ್ಸಿನ್ (ಇದೇ ಎಲ್‌ಪಿಎಸ್) ಕಡಿಮೆ ಇರುವ ಬಿಎಸ್‌ಎ ತರಿಸಿ. ದುಬಾರಿ, ಗೈಡ್ ಮುಖ ಸಿಂಡರಿಸುತ್ತಾರೆ, ಆದರೂ ತರಿಸಿ.

ಮಂಡಕ್ಕಿ ಮಿರ್ಚಿ:
ಸುಮ್ನೆ ಕೇಳ್ತೀನಿ, ಬೆಣ್ಣೆದೋಸೆ ತಿಂದರೂ ಮೆದುಳಲ್ಲಿ ಹೀಗೇ ಆಗುತ್ತಾ?

ಕೋಟೆ ಕಲ್ಲು:
ಪ್ಲೇಟಿನ ಕೋಶ ಬೇರೆ, ಊಟ ಬೇರೆ. ಇಲಿಗಳಿಗೆ ಕ್ಯಾಲೊರಿಯ 60% ಕೊಬ್ಬಿನಿಂದಲೇ ಬರುವ ಮೇವು ಕೊಟ್ಟಾಗ ತೂಕ ಏರುವ ಮೊದಲೇ, ಮೂರೇ ದಿನದೊಳಗೆ ಹೈಪೋಥಲಾಮಸ್‌ನಲ್ಲಿ (ಹಸಿವು ನಿಯಂತ್ರಿಸುವ ಮೆದುಳಿನ ಭಾಗ) ಉರಿಯೂತ ಕಂಡಿದೆ. ಒಂದು ಪ್ಲೇಟ್ ದೋಸೆಗೆ ಈ ಲೆಕ್ಕ ಹಾಕಬೇಡಿ ಮಾರಾಯ್ರೆ.

ಬೆಣ್ಣೆದೋಸೆ ಹುಡುಗಿ:
ಪಾಲಿಮಿಕ್ಸಿನ್ ಹಾಕಿದೆ, ಕಂಟ್ರೋಲ್‌ನಲ್ಲಿ ಟಿಎನ್‌ಎಫ್ ಬಿದ್ದೇ ಹೋಯಿತು. ಹೊಸ ಬಿಎಸ್‌ಎ ಬಂದ ಮೇಲೆ ಆ ವೆಲ್ ಕೆಂಪಗೇ ಇದೆ, ಸೂಜಿಗಳೂ ಇಲ್ಲ. ಪಾಲ್ಮಿಟೇಟ್ ವೆಲ್ ಇನ್ನೂ ಸ್ವಲ್ಪ ಹಳದಿ, ಮೊದಲಿನಷ್ಟಿಲ್ಲ. ಹಳೇ ಬಾಟಲಿ ಬಿಸಾಡಲಾ?

ಕೋಟೆ ಕಲ್ಲು:
ಬೇಡ. ಪ್ರೋಟೀನ್ ಪತ್ತೆಮಾಡುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆಯಲ್ಲಿ ಬ್ಲಾಕಿಂಗಿಗೆ ಆಗುತ್ತದೆ, ಅಲ್ಲಿ ಜೀವಂತ ಕೋಶ ಇರುವುದಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ ‘ಕೋಶಕ್ಕಲ್ಲ’ ಅಂತ ಬರೆದಿಡಿ.