ಮುಖಕ್ಕೆ ಅಂತ ಉಳಿಯುವುದು ಸ್ವಲ್ಪವೇ ದುಡ್ಡು. ಮೊದಲು ಏನು ತಗೊಳ್ಳಲಿ?

ಹೊಸಬಳು_24:

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಸೇರಿ ಜಾಸ್ತಿ ದಿನ ಆಗಿಲ್ಲ. ಬಾಡಿಗೆ ಕೊಟ್ಟು, ಸಾಲದ ಕಂತು ಕಟ್ಟಿ, ಮನೆಗೆ ಕಳಿಸಿದ ಮೇಲೆ ಮುಖಕ್ಕೆ ಅಂತ ಉಳಿಯುವುದು ಚಿಲ್ಲರೆ ಮಾತ್ರ. ಆದರೆ ಕನ್ನಡಿ ನೋಡಿದರೆ ಬೇಜಾರಾಗುತ್ತದೆ. ಹಣೆ ತುಂಬ ಸಣ್ಣ ಸಣ್ಣ ಗುಳ್ಳೆ, ಗದ್ದದ ಮೇಲೆ ಆಗಾಗ ದಪ್ಪ ಮೊಡವೆ, ಅದು ಹೋದರೂ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ. ಮೂಗಿನ ಸುತ್ತ ಎಣ್ಣೆ ಎಣ್ಣೆ, ಕೆನ್ನೆ ಮಾತ್ರ ಒಣಗಿ ಬಿಗಿಯುತ್ತದೆ.

ವಿಡಿಯೊ ನೋಡಲು ಕೂತರೆ ತಲೆ ಕೆಡುತ್ತದೆ. ಒಬ್ಬರು ಫೇಸ್‌ವಾಶ್, ಟೋನರ್, ಸೀರಮ್, ಐ ಕ್ರೀಮ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ವಾರಕ್ಕೆರಡು ಸಲ ಮಾಸ್ಕ್ ಅಂತ ಪಟ್ಟಿ ಓದುತ್ತಾರೆ. ಇನ್ನೊಬ್ಬರು ಇದೆಲ್ಲ ಮೋಸ, ನಿಂಬೆರಸ ಹಚ್ಚಿ ಸಾಕು ಅನ್ನುತ್ತಾರೆ. ನನಗೆ ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಆಗುವುದಿಲ್ಲ. ಈ ತಿಂಗಳು ಒಂದು, ಮುಂದಿನ ತಿಂಗಳು ಇನ್ನೊಂದು. ಹಾಗಿದ್ದರೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ?

ಇನ್ನೊಂದು ವಿಷಯ. ನನ್ನ ರೂಮ್‌ಮೇಟ್ ಒಂದು ಕ್ರೀಮ್ ಹಚ್ಚುತ್ತಾಳೆ. ಚಿಕ್ಕ ಟ್ಯೂಬ್, ತುಂಬಾ ಅಗ್ಗ. ಸ್ವಲ್ಪ ದಿನದಲ್ಲೇ ಅವಳ ಮುಖ ಬೆಳ್ಳಗೆ, ನುಣ್ಣಗೆ ಆಯಿತು. ನನಗೂ ಕೊಡ್ತೀನಿ ಅಂತಿದ್ದಾಳೆ. ಸುಮ್ನೆ ಅದನ್ನೇ ಹಚ್ಚಿಬಿಡಲಾ?

ಸೋಪ್‌ಶಾಸ್ತ್ರಿ:

ತಂಗಿ, ಆ ಟ್ಯೂಬ್ ಬಗ್ಗೆ ಹೇಳಲು ನನಗಿಂತ ತಿಳಿದವರು ಇಲ್ಲಿದ್ದಾರೆ. ಅವರು ಬರುವವರೆಗೆ ಅದನ್ನು ಮುಟ್ಟಬೇಡ.

ಉಳಿದದ್ದಕ್ಕೆ ನನ್ನ ಉತ್ತರ ಇಷ್ಟೇ. ಮೊದಲು ಸನ್‌ಸ್ಕ್ರೀನ್. ಆಮೇಲೆ ಮೊಡವೆಗೆ ಒಂದೇ ಒಂದು ಔಷಧ. ಬಾಕಿ ಎಲ್ಲ ಅಗ್ಗದ್ದೇ ಸಾಕು. ಟೋನರ್ ಬೇಡ. ಐ ಕ್ರೀಮ್ ಅಂದರೆ ಹೆಚ್ಚು ಕಡಿಮೆ ಮಾಯಿಶ್ಚರೈಸರನ್ನೇ ಪುಟ್ಟ ಡಬ್ಬಿಗೆ ತುಂಬಿ ದೊಡ್ಡ ಬೆಲೆ ಬರೆದಿರುವುದು. ಕೊಲಾಜೆನ್ (ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್) ಕ್ರೀಮಿನ ಕಡೆ ತಿರುಗಿಯೂ ನೋಡಬೇಡ. ಕೊಲಾಜೆನ್ ಅಣು ಎಷ್ಟು ದೊಡ್ಡದೆಂದರೆ ಅದು ಚರ್ಮದ ಒಳಗೆ ಇಳಿಯುವುದೇ ಇಲ್ಲ, ರಾತ್ರಿಯೆಲ್ಲ ಮೇಲೆ ಕೂತು ಸ್ವಲ್ಪ ನುಣುಪು ಕೊಡುತ್ತದೆ, ಬೆಳಗ್ಗೆ ಮುಖ ತೊಳೆದರೆ ಕೊಟ್ಟ ದುಡ್ಡು ಮೋರಿಗೆ.

ಈಗ ಮುಖ ತೊಳೆಯುವ ವಿಷಯ. ನಮ್ಮ ಚರ್ಮದ ಮೇಲ್ಭಾಗ ಸ್ವಲ್ಪ ಹುಳಿ ಗುಣದ್ದು, ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆ ಆದಷ್ಟೂ ಹುಳಿ ಜಾಸ್ತಿ) ಸುಮಾರು 5. ಮಾಮೂಲಿ ಸೋಪಿನದು 9ರಿಂದ 10. ಸೋಪು ಹಾಕಿ ತೊಳೆದು ಮುಖ ಬಿಗಿಯಾದಾಗ ಆಹಾ ಎಷ್ಟು ಕ್ಲೀನ್ ಆಯಿತು ಅಂತ ಖುಷಿ ಪಡುತ್ತೇವಲ್ಲ, ಆಗ ಕೊಳೆಯ ಜೊತೆಗೆ ಚರ್ಮ ತನ್ನ ಕಾವಲಿಗೆ ಇಟ್ಟುಕೊಂಡ ಕೊಬ್ಬೂ ಹೋಗಿರುತ್ತದೆ. ನಿನ್ನ ಕೆನ್ನೆ ಬಿಗಿಯುವುದಕ್ಕೆ ಅದೇ ಕಾರಣ ಇರಬಹುದು. ಸಿಂಡೆಟ್ ಬಾರ್ ಅಂತ ಸಿಗುತ್ತದೆ. ನೋಡಲು ಸೋಪಿನಂತೆಯೇ ಇರುತ್ತದೆ, ಸೋಪಲ್ಲ, ಚರ್ಮಕ್ಕೆ ಅಷ್ಟು ಒರಟಲ್ಲ. ನೀರಿನಲ್ಲಿ ನೆನೆಯಲು ಬಿಡದಿದ್ದರೆ ತುಂಬಾ ದಿನ ಬರುತ್ತದೆ. ರಾತ್ರಿ ಒಂದು ಸಲ ಅದರಲ್ಲಿ ತೊಳೆ. ಬೆಳಗ್ಗೆ ಬರೀ ನೀರು ಸಾಕು, ಅಲ್ಲಿಗೇ ಅರ್ಧ ಖರ್ಚು ಉಳಿಯಿತು. ಸುಡುವ ಬಿಸಿನೀರು ಬೇಡ. ವಿಟಮಿನ್ ಬೆರೆಸಿದ ಫೇಸ್‌ವಾಶ್ ಅಂತ ಜಾಸ್ತಿ ಕೊಡಬೇಡ, ಅರ್ಧ ನಿಮಿಷ ಮುಖದ ಮೇಲಿದ್ದು ತೊಳೆದು ಹೋಗುವ ವಿಟಮಿನ್ ಏನು ತಾನೇ ಮಾಡೀತು?

ಮಾಯಿಶ್ಚರೈಸರ್ ಬೇಕು. ಆದರೆ ಗ್ಲಿಸರಿನ್ ಇರುವ, ಪರಿಮಳ ಇಲ್ಲದ ಯಾವುದೇ ಸಾದಾ ಲೋಷನ್ ನಡೆಯುತ್ತದೆ. ಮೈಗೆ ಅಂತ ದೊಡ್ಡ ಬಾಟಲಿಯಲ್ಲಿ ಮಾರುವುದೂ ಆಗುತ್ತದೆ. ಮುಖ ಇನ್ನೂ ಒದ್ದೆ ಇರುವಾಗಲೇ ಹಚ್ಚು, ಆಗ ಆ ನೀರು ಒಳಗೇ ಉಳಿಯುತ್ತದೆ. ಕೆನ್ನೆ ತೀರಾ ಒಣಗಿದ ದಿನ ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರು. 1872ರಲ್ಲಿ ಪೇಟೆಂಟ್ ಆದ ಹಳೇ ಸಾಮಾನು. ಚರ್ಮದಿಂದ ನೀರು ಆರಿಹೋಗುವುದನ್ನು ತಡೆಯುವುದರಲ್ಲಿ ಇವತ್ತಿಗೂ ಅದನ್ನು ಮೀರಿಸಿದ್ದು ಸಿಗುವುದು ಕಷ್ಟ. ಮೂಗಿನ ಸುತ್ತ ಬೇಡ, ಅಲ್ಲಿ ಈಗಾಗಲೇ ಎಣ್ಣೆ ಇದೆ.

ನಿಂಬೆರಸ ದಯವಿಟ್ಟು ಬೇಡ. ಅದರ ಪಿಎಚ್ 2ರ ಆಸುಪಾಸು, ಅಂದರೆ ಚರ್ಮಕ್ಕಿಂತ ಎಷ್ಟೋ ಪಟ್ಟು ಹುಳಿ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಎದ್ದು ಹೊಸ ಕಪ್ಪು ಕಲೆ ಬರಬಹುದು. ಕಲೆ ತೆಗೆಯಲು ಹೋಗಿ ಕಲೆ ತಂದುಕೊಂಡಂತೆ.

ಔಷಧದಂಗಡಿಯವ:

ಟ್ಯೂಬ್ ಪ್ರಶ್ನೆ ನನ್ನದು. ಕೌಂಟರಿನ ಈಚೆ ನಿಂತು ದಿನಾ ನೋಡುವ ವಿಷಯ ಇದು.

ಟ್ಯೂಬಿನ ಮೇಲೆ ಚಿಕ್ಕ ಅಕ್ಷರದಲ್ಲಿ ಔಷಧದ ಹೆಸರಿರುತ್ತದೆ, ಓದಿ ನೋಡಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್, ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟಿರಾಯ್ಡ್ ಕ್ರೀಮ್. ಎಕ್ಸಿಮಾ, ಸೋರಿಯಾಸಿಸ್‌ನಂಥ ಚರ್ಮದ ಕಾಯಿಲೆಗೆ ಡಾಕ್ಟರು ಲೆಕ್ಕ ಹಾಕಿ ಕೊಡುವ ಒಳ್ಳೆಯ ಔಷಧ ಅದು, ಅದರ ಮೇಲೆ ನನಗೆ ಕೋಪ ಇಲ್ಲ. ಆದರೆ ಅಂದ ಹೆಚ್ಚಲಿ ಅಂತ ಮುಖಕ್ಕೆ ದಿನಾ ಹಚ್ಚಿದರೆ ಕಥೆ ಬೇರೆ. ಮೊದಮೊದಲು ಕೆಂಪು ಇಳಿದು, ಬಣ್ಣ ತಿಳಿಯಾಗಿ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳ್ಳಗಾಗುತ್ತದೆ, ಸಣ್ಣ ರಕ್ತನಾಳ ಮೇಲೆ ಕಾಣಿಸುತ್ತದೆ, ಮೊಡವೆ ಜಾಸ್ತಿ ಆಗುತ್ತದೆ, ಕೆಲವರಿಗೆ ಮುಖದ ಮೇಲೆ ಕೂದಲೂ ಬರುತ್ತದೆ. ಹಚ್ಚುವುದು ನಿಲ್ಲಿಸಿದ ತಕ್ಷಣ ಉರಿ, ಕೆಂಪು. ಆ ಉರಿಗೆ ಹೆದರಿ ಮತ್ತೆ ಅದೇ ಟ್ಯೂಬ್. ಹುಳುಕಡ್ಡಿಯಂಥ ಫಂಗಸ್ ಇದ್ದವರು ಹಚ್ಚಿದರಂತೂ ಅದು ಗುರುತೇ ಸಿಗದ ಹಾಗೆ ರೂಪ ಬದಲಿಸಿ ಹರಡುತ್ತದೆ.

ಒಳಗೆ ಏನಿದೆ ಅಂತಲೇ ಬರೆಯದ ಬಿಳುಪಿನ ಕ್ರೀಮ್ ಆದರೆ ಇನ್ನೂ ಕೆಟ್ಟದು. ಅಂಥ ಕೆಲವುದರಲ್ಲಿ ಪಾದರಸ ಸಿಕ್ಕಿದೆ. ಪಾದರಸ ಮೂತ್ರಪಿಂಡ ಕೆಡಿಸುತ್ತದೆ. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದದಲ್ಲಿ ಇಂಥ ಕ್ರೀಮುಗಳ ಬಗ್ಗೆ ಪ್ರತ್ಯೇಕವಾಗಿ ಬರೆದಿದ್ದಾರೆ ಅಂದರೆ ಸಮಸ್ಯೆ ಎಷ್ಟು ದೊಡ್ಡದು ಯೋಚಿಸಿ.

ಕೈಸುಮ್ನಿರಲ್ಲ:

ಎರಡು ಪುಕ್ಕಟೆ ಸಲಹೆ. ಮೊಡವೆ ಚಿವುಟಬೇಡಿ, ತಿಂಗಳುಗಟ್ಟಲೆ ನಿಲ್ಲುವ ಕಲೆಗೆ ಅರ್ಧ ಕಾರಣ ನಮ್ಮ ಉಗುರೇ. ಎರಡನೇದು, ಹಣೆಯ ಸಣ್ಣ ಗುಳ್ಳೆ ಅಂದಿರಿ ಅಲ್ವಾ, ತಲೆಗೆ ಎಣ್ಣೆಯೋ ಜೆಲ್ಲೋ ಹಚ್ಚುತ್ತೀರಾ? ಅದು ಹಣೆಗೆ ಇಳಿದು ರಂಧ್ರ ಕಟ್ಟುತ್ತದೆ. ಸ್ವಲ್ಪ ವಾರ ಬಿಟ್ಟು ನೋಡಿ. ದಿಂಬಿನ ಕವರೂ ಒಗೆಯಿರಿ.

ನೆರಳಲ್ಲೇ_ಇರುವವ:

ನನಗೊಂದು ತಕರಾರಿದೆ. ದುಡ್ಡಿಲ್ಲ ಅಂತ ಕೇಳಿದವರಿಗೆ ಎಲ್ಲಕ್ಕಿಂತ ದುಬಾರಿ ಸಾಮಾನನ್ನೇ ಮೊದಲು ತಗೋ ಅಂತೀರಲ್ಲ ಶಾಸ್ತ್ರಿಗಳೇ. ಅವರಿಗೆ ಇರುವುದು ಮೊಡವೆ, ಬಿಸಿಲ ಸುಟ್ಟಗಾಯ ಅಲ್ಲ. ಆಫೀಸಿನ ಒಳಗೆ ಕೂತವರಿಗೆ ಸನ್‌ಸ್ಕ್ರೀನ್ ಯಾಕೆ? ಕೊಡೆ ಹಿಡಿದರೆ ಸಾಲದೇ?

ಸೋಪ್‌ಶಾಸ್ತ್ರಿ:

ಕೊಡೆ ಮಾತು ಒಪ್ಪಿದೆ. ಅಗಲ ಅಂಚಿನ ಟೋಪಿ, ಕೊಡೆ, ನೆರಳು, ಇವು ಒಂದು ಸಲ ಕೊಂಡರೆ ವರ್ಷಗಟ್ಟಲೆ ಬರುತ್ತವೆ, ಬೆವರಿಗೆ ಕರಗುವುದೂ ಇಲ್ಲ. ದುಡ್ಡು ತೀರಾ ಇಲ್ಲದ ತಿಂಗಳು ಅದೇ ಮಾಡಲಿ. ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಬಿಸಿಲು ತಪ್ಪಿಸಿದರೆ ಅರ್ಧ ಕೆಲಸ ಆದಂತೆ.

ಆದರೆ ಅವಳ ದೊಡ್ಡ ಬೇಜಾರು ಕಲೆ. ಮೊಡವೆ ಕಲೆ ತಾನಾಗಿಯೇ ಮಾಸುತ್ತದೆ, ಬಿಸಿಲು ಬಿದ್ದರೆ ಮಾಸುವುದು ನಿಧಾನ ಆಗುತ್ತದೆ, ಇನ್ನಷ್ಟು ಕಪ್ಪೂ ಆಗುತ್ತದೆ. ದುಬಾರಿ ಕಲೆ ಸೀರಮ್ ಹಚ್ಚಿ ಬಿಸಿಲಿಗೆ ಮುಖ ಒಡ್ಡುವುದಕ್ಕಿಂತ ಏನೂ ಹಚ್ಚದೆ ಬಿಸಿಲು ತಡೆಯುವುದೇ ಲಾಭ. ಬಿಸಿಲಿನ ಕಣ್ಣಿಗೆ ಕಾಣದ ಯುವಿ (ಅತಿನೇರಳೆ) ಕಿರಣದಲ್ಲಿ ಯುವಿಎ, ಯುವಿಬಿ ಅಂತ ಎರಡು ಬಗೆ. ಕಿಟಕಿಯ ಮಾಮೂಲಿ ಗಾಜು ಯುವಿಬಿಯನ್ನು ತಡೆಯುತ್ತದೆ, ಯುವಿಎ ಒಳಗೆ ಬರುತ್ತದೆ. ಕಿಟಕಿ ಪಕ್ಕದ ಸೀಟಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ದುಬಾರಿ ಅನ್ನುವ ಮಾತು. ಸನ್‌ಸ್ಕ್ರೀನ್ ಮೇಲೆ ರಕ್ಷಣೆಯ ಅಳತೆ ಅಂತ ಬರೆದಿರುವ ಎಸ್‌ಪಿಎಫ್ 30 ಇದ್ದರೆ ಸುಮಾರು 97 ಶೇಕಡಾ ಯುವಿಬಿ ತಡೆದರೆ 50 ತಡೆಯುವುದು 98. ಆ ಒಂದಕ್ಕೆ ಡಬಲ್ ದುಡ್ಡು ಕೊಡಬೇಕಿಲ್ಲ. ಬ್ರಾಡ್ ಸ್ಪೆಕ್ಟ್ರಮ್ (ಯುವಿಎ, ಯುವಿಬಿ ಎರಡನ್ನೂ ತಡೆಯುವುದು) ಅಂತ ಬರೆದಿದೆಯಾ ನೋಡು, ಸಾಕು. ನಿಜವಾದ ಲೆಕ್ಕ ಇರುವುದು ಅಳತೆಯಲ್ಲಿ. ಆ ಎಸ್‌ಪಿಎಫ್ ನಂಬರ್ ಪರೀಕ್ಷೆ ಮಾಡುವಾಗ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಆ ಲೆಕ್ಕದಲ್ಲಿ ಮುಖಕ್ಕೆ ಒಂದು ಸಲಕ್ಕೆ ಸುಮಾರು ಒಂದೂಕಾಲು ಗ್ರಾಂ ಬೇಕು. ಅಂದರೆ 50 ಗ್ರಾಂ ಟ್ಯೂಬ್ 40 ಸಲಕ್ಕೆ ಖಾಲಿ. ಯಾರದಾದರೂ ಟ್ಯೂಬ್ ಆರು ತಿಂಗಳು ಬಂದಿದೆ ಅಂದರೆ ಅವರು ಹಚ್ಚುತ್ತಿರುವುದು ಬೊಟ್ಟಿನಷ್ಟು, ಸಿಗುವ ರಕ್ಷಣೆಯೂ ಅಷ್ಟೇ.

ಹಾಗಾಗಿ ಪುಟ್ಟ ಚೆಂದದ ಟ್ಯೂಬ್ ಬೇಡ. ಬೆಲೆಯನ್ನು ಗ್ರಾಮಿನಿಂದ ಭಾಗಿಸು, ಕಡಿಮೆ ಬರುವ ದೊಡ್ಡ ಬಾಟಲಿ ತಗೋ, ಜಿಪುಣತನ ಮಾಡದೆ ಹಚ್ಚು. ಡಬ್ಬಿಯ ಹಿಂದೆ ತೆರೆದ ಮುಚ್ಚಳದ ಚಿತ್ರದ ಜೊತೆ 6 ಅಥವಾ 12 ಅಂತ ಇದ್ದರೆ ತೆರೆದ ಮೇಲೆ ಅಷ್ಟು ತಿಂಗಳು ಅಂತ ಅರ್ಥ, ಅಷ್ಟರಲ್ಲಿ ಮುಗಿಯುವುದನ್ನೇ ಕೊಳ್ಳಬೇಕು. ಹೊರಗೆ ಓಡಾಡುವ ದಿನ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅಲ್ಲಿ ಕೊಡೆ ದುಡ್ಡು ಉಳಿಸುತ್ತದೆ, ನಿಮ್ಮ ಮಾತಿಗೇ ಬಂದೆ ನೋಡಿ.

ಹೊಸಬಳು_24:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟ್ಯೂಬ್ ತಿರುಗಿಸಿ ಓದಿದೆ. ಬೀಟಾಮೆಥಾಸೋನ್ ಅಂತಲೇ ಇದೆ! ನಾನು ಮುಟ್ಟಲ್ಲ. ಆದರೆ ಅವಳು ದಿನಾ ಹಚ್ಚುತ್ತಿದ್ದಾಳಲ್ಲ. ಈಗಲೇ ಕಸದ ಬುಟ್ಟಿಗೆ ಹಾಕು ಅಂತ ಹೇಳಲಾ?

ಮತ್ತೆ ಆ 'ಒಂದೇ ಒಂದು ಔಷಧ' ಯಾವುದು ಅಂತ ಯಾರೂ ಹೇಳಲಿಲ್ಲ.

ಔಷಧದಂಗಡಿಯವ:

ಮೊಡವೆಗೆ ಮೊದಲು ಬೆಂಜಾಯಿಲ್ ಪೆರಾಕ್ಸೈಡ್ 2.5 ಶೇಕಡಾ ಜೆಲ್. 10 ಶೇಕಡಾದ್ದೂ ಸಿಗುತ್ತದೆ, ಕೆಲಸ ಹೆಚ್ಚು ಕಡಿಮೆ ಒಂದೇ, ಉರಿ ಮಾತ್ರ ಜಾಸ್ತಿ. ಶುರುವಿನಲ್ಲಿ ದಿನ ಬಿಟ್ಟು ದಿನ, ತೆಳ್ಳಗೆ, ಮೊಡವೆ ಬರುವ ಇಡೀ ಜಾಗಕ್ಕೆ. ಬಣ್ಣದ ಟವೆಲ್, ದಿಂಬಿನ ಕವರಿಗೆ ತಗುಲಿದರೆ ಬಣ್ಣ ಹೋಗುತ್ತದೆ, ಬಿಳಿಯದು ಬಳಸಿ.

ರಂಧ್ರ ಕಟ್ಟಿದ ಸಣ್ಣ ಗುಳ್ಳೆಗೆ ಅಡಾಪಲೀನ್ 0.1 ಶೇಕಡಾ ಒಳ್ಳೆಯದು. ಅಮೆರಿಕದಲ್ಲಿ 2016ರಿಂದ ಅದನ್ನು ಚೀಟಿ ಇಲ್ಲದೆ ಕೊಡುತ್ತಾರೆ, ಎಲ್ಲ ಕಡೆ ಹಾಗಿಲ್ಲ. ಬಸುರಿಯರಿಗೆ, ಮಗುವಿಗೆ ಪ್ರಯತ್ನಿಸುತ್ತಿರುವವರಿಗೆ ಬೇಡ. ಎರಡನ್ನೂ ಒಂದೇ ದಿನ ಶುರು ಮಾಡಬೇಡಿ, ಮುಖ ಉರಿದರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಯಾವುದೇ ಹೊಸದನ್ನು ಮೊದಲು ಮೊಣಕೈ ಒಳಭಾಗದಲ್ಲಿ ವಾರ ಹತ್ತು ದಿನ ಹಚ್ಚಿ ನೋಡಿ. ಆಮೇಲೆ 8ರಿಂದ 12 ವಾರ ಬಿಡದೆ ಹಚ್ಚಬೇಕು. ಎರಡು ವಾರಕ್ಕೆ ಏನೂ ಆಗಲಿಲ್ಲ ಅಂತ ಹೊಸ ಟ್ಯೂಬ್ ಕೊಳ್ಳುವುದರಲ್ಲೇ ಜನರ ಜಾಸ್ತಿ ದುಡ್ಡು ಹೋಗುವುದು. ಗದ್ದದ ಮೊಡವೆ ಆಳದಲ್ಲಿ ಗಂಟಾಗಿ ನೋಯುತ್ತಿದ್ದರೆ, ಗುಳಿ ಬೀಳುತ್ತಿದ್ದರೆ ಇಷ್ಟೂ ಕಾಯಬೇಡಿ. ಒಂದು ಸಲ ಚರ್ಮದ ಡಾಕ್ಟರಿಗೆ ಕೊಡುವ ಫೀಸು ನಾಲ್ಕು ಸೀರಮ್‌ಗಿಂತ ಒಳ್ಳೆಯ ಖರ್ಚು.

ನಿಮ್ಮ ರೂಮ್‌ಮೇಟ್ ವಿಷಯ. ತುಂಬಾ ದಿನದಿಂದ ಹಚ್ಚುತ್ತಿದ್ದರೆ ಬಿಸಾಕು ಅಂತ ಹೆದರಿಸಬೇಡಿ. ದಿಢೀರ್ ನಿಲ್ಲಿಸಿದರೆ ಮುಖ ಕೆರಳಬಹುದು, ಆಗ ಗಾಬರಿಯಾಗಿ ಇನ್ನೂ ಜೋರಿನ ಕ್ರೀಮ್ ತರುವವರೇ ಜಾಸ್ತಿ. ಟ್ಯೂಬನ್ನು ಕೈಯಲ್ಲೇ ಹಿಡಿದು ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಲಿ, ಎಷ್ಟು ದಿನದಿಂದ ಹಚ್ಚಿದ್ದೇನೆ ಅಂತ ಮುಚ್ಚಿಡದೆ ಹೇಳಲಿ. ಹೇಗೆ ಬಿಡಬೇಕು ಅಂತ ಅವರು ಹೇಳುತ್ತಾರೆ. ಅಲ್ಲಿಯವರೆಗೆ ಸ್ಕ್ರಬ್ಬು, ಬ್ಲೀಚು ಯಾವುದೂ ಬೇಡ. ನೀವು ಕೊಳ್ಳುವ ಸಾದಾ ಲೋಷನ್ನಲ್ಲೇ ಅವಳಿಗೂ ಸ್ವಲ್ಪ ಕೊಡಿ.