ಮರದ ಚೌಕಟ್ಟಿನ ಕರೆಂಟ್ ಅಗ್ಗಿಷ್ಟಿಕೆ: ಅಮೆರಿಕದಿಂದ ತರಿಸೋದಾ, ಇಲ್ಲೇ ಮಾಡಿಸೋದಾ?

ಮುರುವಿನೊಲೆ:
ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗೋ ದಾರಿಯಲ್ಲಿ ನಮ್ಮದೊಂದು ಹಳೆ ಹಂಚಿನ ಮನೆ. ಅತ್ತೆಗೆ 84. ದನ ಇರೋ ತನಕ ಸಂಜೆ ಆದರೆ ದನಕ್ಕೆ ಬೇಯಿಸೋ ಮುರುವಿನ ಒಲೆ ಮುಂದೆ ಮಣೆ ಹಾಕ್ಕೊಂಡು ಕೂರ್ತಿದ್ರು, ಊಟಕ್ಕೆ ಕರೆದರೂ ಏಳ್ತಿರಲಿಲ್ಲ. ಎರಡು ವರ್ಷದ ಹಿಂದೆ ದನ ಕೊಟ್ಟೆವು, ಒಲೆ ಆರಿತು. ಸ್ನಾನಕ್ಕೆ ಗೀಸರ್, ಅಡುಗೆಗೆ ಗ್ಯಾಸ್. ಈಗ ಚಳಿಗಾಲ ಪೂರ್ತಿ ಕಂಬಳಿ ಹೊದ್ದು ನಡುಮನೆಯಲ್ಲಿ ನನ್ನನ್ನೇ ನೋಡ್ತಾ ಕೂರ್ತಾರೆ.

ಹೋದ ವರ್ಷ ಓಹಾಯೊದಲ್ಲಿರೋ ಮಗಳ ಮನೆಗೆ ಹೋಗಿದ್ದೆ. ಅವಳ ಹಾಲ್‌ನಲ್ಲಿ ಓಕ್ ಮರದ ಚೌಕಟ್ಟು, ಮೇಲೆ ಫೋಟೊ ಇಡೋಕೆ ಅಗಲ ಹಲಗೆ, ಒಳಗೆ ಕರೆಂಟ್ ಹೀಟರ್, ಸುಳ್ಳು ಬೆಂಕಿ. ಕೆಳಗೆ ಚಕ್ರ, ಬೇಕಾದ ಕೋಣೆಗೆ ತಳ್ಕೊಂಡು ಹೋಗೋದು. ಚೌಕಟ್ಟು ಆಮಿಶ್ ಜನ, ಅಂದರೆ ಹಳೆ ಕಾಲದ ರೀತಿಯಲ್ಲೇ ಬದುಕೋ ಒಂದು ಕ್ರೈಸ್ತ ಪಂಗಡದವರು, ಕೈಯಲ್ಲಿ ಮಾಡಿದ್ದಂತೆ. ಹೋಮ್ಸ್ ಕೌಂಟಿ ಅನ್ನೋ ಅವರ ಸೀಮೆಗೂ ಕರ್ಕೊಂಡು ಹೋದಳು. ಅಂಗಡಿ ಮುಂದೆ ಕುದುರೆ ಗಾಡಿ ಕಟ್ಟೋ ಕಂಬ! ಮನೆಗೆ ಕರೆಂಟ್ ಲೈನ್ ಎಳೆಸದವರು ಅವರು, ಎಷ್ಟೋ ಕಾರ್ಖಾನೆಗಳಲ್ಲಿ ಡೀಸೆಲ್ ಎಂಜಿನ್ ಇಟ್ಟು ಗಾಳಿ ಒತ್ತಡದಲ್ಲಿ ಯಂತ್ರ ಓಡಿಸ್ತಾರೆ. ಅಂಥವರ ಕೈಯಲ್ಲಿ ಕರೆಂಟ್ ಒಲೆಗೆ ಮನೆ ಕಟ್ಟಿಸ್ತಾರಲ್ಲ ಅಂತ ನಗು ಬಂತು. ಆದರೆ ಅಲ್ಲೊಂದು ಮೇಜಿನ ಡ್ರಾಯರ್ ಎಳೆದು ನೋಡಿದೆ, ಮೂಲೆಯಲ್ಲಿ ಒಂದೂ ಮೊಳೆ ಇಲ್ಲ, ಹಲ್ಲಿಗೆ ಹಲ್ಲು ಕಚ್ಚಿಸಿದ್ದಾರೆ. ನಗು ನಿಂತಿತು.

ಮಗಳು ಅದನ್ನೇ ಅಜ್ಜಿಗೆ ಕಳಿಸ್ತೀನಿ ಅಂತಾಳೆ. ಇಲ್ಲಿ ನಡೆಯುತ್ತಾ? ನಮ್ಮ ಮಳೆಗೆ ಆ ಮರ ತಡೆಯುತ್ತಾ? ಬಿಲ್ ಎಷ್ಟು ಬರಬಹುದು?

ಸಾಗರದ ವೈರಿಂಗ್:
ಅಕ್ಕ, ಹೀಟರ್ ಮಾತ್ರ ತರಿಸಬೇಡಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ಹಾಗೇ ಚುಚ್ಚಿದರೆ 1500 ವ್ಯಾಟಿನ ಸುರುಳಿ ಐದು ಸಾವಿರ ವ್ಯಾಟಿಗೂ ಮೇಲೆ ಎಳೆಯುತ್ತೆ, ಆಮೇಲೆ ಸುಳ್ಳು ಬೆಂಕಿ ನಿಜ ಆಗುತ್ತೆ. ವೋಲ್ಟೇಜ್ ಇಳಿಸೋ ಟ್ರಾನ್ಸ್‌ಫಾರ್ಮರ್ ಹಾಕಬಹುದು, 2000 ವಿಎ ಸಾಮರ್ಥ್ಯದ್ದಾದರೂ ಬೇಕು. ಕಲ್ಲಿನ ಗುಂಡಿನಷ್ಟು ಭಾರ, ಗುಂಯ್ ಅಂತ ಸದ್ದು ಬೇರೆ.

ಇಲ್ಲಿಯ 230 ವೋಲ್ಟಿನದೇ ತಗೊಳ್ಳಿ. 1500 ವ್ಯಾಟಿನದಾದರೆ ಅದಕ್ಕೆ ಆರೂವರೆ ಆಂಪಿಯರ್ ಹತ್ತಿರ ಬೇಕು, ಟಿವಿಯ 6 ಆಂಪಿಯರ್ ಸಾಕೆಟ್‌ಗೆ ಚುಚ್ಚಬಾರದು. 16 ಆಂಪಿಯರ್ ಸಾಕೆಟ್, ಬೇರೆ ಲೈನ್, ಒಳ್ಳೆ ಅರ್ತಿಂಗ್. ಹಳೆ ಮನೆ ಅಂತೀರಿ, ಮೊದಲು ವೈರಿಂಗ್ ತೋರಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಬಿಲ್ ಲೆಕ್ಕ: ದಿನಕ್ಕೆ 4 ಗಂಟೆ ಅಂದರೆ 6 ಯೂನಿಟ್, ತಿಂಗಳಿಗೆ 180. ಗೃಹಜ್ಯೋತಿ ಇದ್ದರೆ ನೆನಪಿಟ್ಟುಕೊಳ್ಳಿ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮ ತಲೆ ಮೇಲೆ. 750 ವ್ಯಾಟಿನ ಸ್ವಿಚ್ ಇರೋದು ತಗೊಂಡರೆ ಅರ್ಧ.

ಹಲಸಿನ ಹಲಗೆ:
ಮರದ ವಿಷಯ ನಾನು ಹೇಳ್ತೀನಿ, ಅಪ್ಪನ ಕಾಲದಿಂದ ನಮ್ಮದು ಇದೇ ಕೆಲಸ. ಅವರ ಓಕ್ ಕೆಟ್ಟ ಮರ ಅಲ್ಲ. ಆದರೆ ಗೂಡಲ್ಲಿ ಚೆನ್ನಾಗಿ ಒಣಗಿಸಿದ ಮರ ನಿಮ್ಮ ಕಡೆಯ ಪುಷ್ಯ ಮಳೆಗೆ ಬಂದರೆ ತೇವ ಕುಡಿದು ಅಡ್ಡಕ್ಕೆ ಉಬ್ಬುತ್ತೆ. ಚಳಿಗಾಲದಲ್ಲಿ ಮುಂದೆ ಹೀಟರ್ ಉರಿದಾಗ ಒಣಗಿ ಕುಗ್ಗುತ್ತೆ. ಸಂದು ಬಿಡದೆ ಏನು ಮಾಡುತ್ತೆ?

ಮನೆ ಬಿಚ್ಚಿದ ಹಳೆ ಹಲಸಿನ ಹಲಗೆ ಹುಡುಕಿ. ಐವತ್ತು ಮಳೆಗಾಲ ಕಂಡ ಮರ ಇನ್ನು ಅಷ್ಟಾಗಿ ಆಟ ಆಡೋದಿಲ್ಲ. ಕುಟ್ಟೆ ಹಿಡಿದಿದೆಯಾ ಅಂತ ಮಾತ್ರ ತಟ್ಟಿ ನೋಡಿ, ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಬಿಟ್ಟುಬಿಡಿ. ನಡುವಿನ ಹಲಗೆಯನ್ನು ನಾಲ್ಕೂ ಕಡೆ ಅಂಟು ಹಾಕಿ ಬಿಗಿಯಬಾರದು, ಉಬ್ಬೋಕೆ ಜಾಗ ಬಿಟ್ಟು ಕೂರಿಸಬೇಕು. ಆಮಿಶ್ ಆಚಾರಿಗೂ ನಮಗೂ ಇದೊಂದು ಪಾಠ ಒಂದೇ ಇರಬಹುದು. ಬಿಸಿ ಗಾಳಿ ಬರೋ ಬಾಯಿಗೆ ಮರ ಅಡ್ಡ ಬರಬಾರದು, ಹಿಂದೆ ಗಾಳಿ ಎಳೆಯೋ ಜಾಲರಿ ಮುಚ್ಚಬಾರದು. ಹೀಟರ್ ಮೊದಲು ತಂದು, ಅದರ ಜೊತೆ ಬರೋ ಅಳತೆ ಚೀಟಿ ನೋಡಿಯೇ ಮರ ಕೊಯ್ಸಿ.

ಇನ್ನು ಚಕ್ರ ಎಂತಕ್ಕೆ? ನಿಮ್ಮ ಮನೆ ಹೊಸಿಲು ಎಷ್ಟು ಎತ್ತರ ಹೇಳಿ.

ಹೊಸನಗರದ ಭಾವ:
ಅಮೆರಿಕದಲ್ಲಿದ್ದಾಗ 2008-09ರ ಹೊತ್ತಿಗೆ ಇದರ ಜಾಹೀರಾತು ಪೇಪರಿನ ಇಡೀ ಪುಟ ಬರ್ತಿತ್ತು. ಹೀಟರ್ ಪುಕ್ಕಟೆ, ಚೌಕಟ್ಟಿಗೆ ಮಾತ್ರ ದುಡ್ಡು, ಅದೂ ಮುನ್ನೂರು ಡಾಲರ್ ಹತ್ತಿರ! ತೆಂಗಿನಕಾಯಿ ಪುಕ್ಕಟೆ, ಜುಟ್ಟಿಗೆ ಕಾಸು. 1500 ವ್ಯಾಟ್ ಅಂದರೆ ಯಾವ ಹೀಟರ್ ಆದರೂ ಕೊಡೋ ಶಾಖ ಅಷ್ಟೇ, ಮರ ಓಕಾದರೂ ಹಲಸಾದರೂ. ಜ್ವಾಲೆ ಕಾಣೋದು ಬರೀ ಬೆಳಕಿನ ಆಟ.

ಒಂದು ಕೇಳ್ತೀನಿ, ನಡುಮನೆಗೆ ಮುಚ್ಚಿಗೆ ಇದೆಯಾ? ಬರೀ ಹಂಚಿನ ಮಾಡಾದರೆ ಬಿಸಿ ಎಲ್ಲ ಹಂಚಿನ ಸಂದಿಯಲ್ಲಿ ಆಕಾಶಕ್ಕೆ. ಅತ್ತೆಯವರು ಮಲಗೋ ಸಣ್ಣ ಕೋಣೆಯಲ್ಲಿ ಇಡಿ.

ಮುರುವಿನೊಲೆ:
ಎಲ್ಲರಿಗೂ ಉಪಕಾರ ಆಯ್ತು ಮಾರಾಯ್ರೆ. ನಡುಮನೆಗೆ ಮುಚ್ಚಿಗೆ ಇಲ್ಲ, ಅತ್ತೆ ಕೋಣೆಗೆ ಇದೆ. ಹೊಸಿಲು ಅಳೆದೆ, ಒಂಬತ್ತು ಇಂಚು. ಚಕ್ರ ಬೇಡ.

ನಮ್ಮ ಆಚಾರ್ರು ಬಂದು ಅಟ್ಟ ಹತ್ತಿ ಭತ್ತ ತುಂಬಿಡೋ ಹಳೆ ಪಣತದ ಹಲಸಿನ ಹಲಗೆ ಇಳಿಸಿದ್ರು, ಧೂಳು ಒರೆಸಿದರೆ ಒಳಗೆ ಜೇನಿನ ಬಣ್ಣ. ಭತ್ತ ತುಂಬಿದ ಹಲಗೆ ಕೊಯ್ತೀರಾ ಅಂತ ಅತ್ತೆ ಅರ್ಧ ದಿನ ಮಾತು ಬಿಟ್ಟರು. ಮಗಳು ಕಳಿಸಿದ ವಿಡಿಯೊ ತೋರಿಸಿದ ಮೇಲೆ ಹತ್ತಿರ ಬಂದು ಫೋನನ್ನೇ ತಿರುಗಿಸಿ ತಿರುಗಿಸಿ ನೋಡಿದ್ರು.

"ಎಲ್ಲ ಸರಿ, ಬೂದಿ ಎಲ್ಲಿ ಬೀಳ್ತದೆ?"

ಬೀಳೋದಿಲ್ಲ ಅಂದೆ. "ಹಾಗಾದ್ರೆ ಪಾತ್ರೆ ತಿಕ್ಕೋಕೆ ಎಂತ ಮಾಡ್ತಾರೆ?" ಅಂದ್ರು.