ಮಾನಿಟರನ್ನು ಉದ್ದಕ್ಕೆ ನಿಲ್ಲಿಸಿದರೆ ಒತ್ತಕ್ಷರ ಕಲಸಿದ ಹಾಗೆ ಕಾಣುತ್ತವೆ, ಏನು ಮಾಡಲಿ?

ಬೆಟಗೇರಿ_ಡಿಟಿಪಿ (ಗದಗ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತೇನೆ. ಮದುವೆ ಕಾರ್ಡು, ಬಿಲ್ ಬುಕ್ಕು ದಿನಾ ಇದ್ದದ್ದೇ. ನನಗೆ ಮನಸ್ಸಿಗೆ ಹಿಡಿಸುವುದು ಪುಸ್ತಕದ ಕೆಲಸ. ಈಗ ವಚನಗಳ ವಿವರಣೆಯ ಒಂದು ಪುಸ್ತಕ ಬಂದಿದೆ. ಡೆಮಿ 1/8 ಸೈಜು, ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ಸಾಫ್ಟ್‌ವೇರಿನಲ್ಲಿ ಕೂರಿಸುತ್ತಿದ್ದೇನೆ.

24 ಇಂಚಿನ ಮಾನಿಟರ್ ಅಡ್ಡ ಇದ್ದಾಗ ಪೂರ್ತಿ ಪೇಜು ಕಾಣಬೇಕೆಂದರೆ ಸಣ್ಣದು ಮಾಡಬೇಕು. ಆಗ ಒತ್ತು ಓದಲು ಬರುವುದಿಲ್ಲ. ದೊಡ್ಡದು ಮಾಡಿದರೆ ಅರ್ಧ ಪೇಜು ಕೆಳಗೆ ಹೋಗುತ್ತದೆ. ಮೇಲೆ ಕೆಳಗೆ ಓಡಾಡುವುದರಲ್ಲೇ ಒಂದು ಸಾಲು ಕಣ್ಣು ತಪ್ಪಿಸಿಬಿಡುತ್ತದೆ.

ಅದಕ್ಕೆ ಸ್ಟ್ಯಾಂಡ್ ಬಿಚ್ಚಿ, ಮಾನಿಟರನ್ನು ಉದ್ದಕ್ಕೆ ನಿಲ್ಲಿಸಿ ಗೋಡೆಗೆ ಒರಗಿಸಿದೆ. ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಪೋರ್ಟ್ರೇಟ್ ಮಾಡಿದೆ. ಪೇಜು ನೋಡಿ ಬಹಳ ಖುಷಿಯಾಯಿತು. ಆದರೆ ಎರಡು ತೊಂದರೆ. ಒಂದು, ಅಕ್ಷರದ ಅಂಚಿಗೆ ಕೆಂಪು, ನೀಲಿ ಬಣ್ಣ ಕಾಣುತ್ತದೆ, ಸಣ್ಣ ಒತ್ತುಗಳು ಕಲಸಿದ ಹಾಗೆ ಆಗುತ್ತವೆ. ಇನ್ನೊಂದು, ಪರದೆಯ ಒಂದು ಬದಿ ಕಪ್ಪಾಗಿ ಕಾಣುತ್ತದೆ. ತಲೆ ಸ್ವಲ್ಪ ಆಚೆ ಈಚೆ ಮಾಡಿದರೂ ಬಣ್ಣ ಬದಲಾಗುತ್ತದೆ.

ಮಾಲೀಕರು ಹೊಸ ಮಾನಿಟರ್ ಕೊಡಿಸಲು ತಯಾರಿದ್ದಾರೆ. ಏನು ನೋಡಿ ತರಬೇಕು? ಅಥವಾ ಇದನ್ನೇ ಸರಿ ಮಾಡಬಹುದಾ?

ಕರಡು_ತಿದ್ದುವವಳು (ಧಾರವಾಡ)

ತಮ್ಮಾ, ನೀವು ಹಿಡಿದ ದಾರಿ ಸರಿ ಇದೆ, ಬಿಡಬೇಡಿ. ನಾನು ಬಹಳ ವರ್ಷದಿಂದ ಪುಸ್ತಕದ ಕರಡು ತಿದ್ದುತ್ತೇನೆ. ಪರದೆಯ ಮೇಲೆ ತಿದ್ದುವುದೆಲ್ಲ ನಿಲ್ಲಿಸಿದ ಮಾನಿಟರಿನಲ್ಲೇ.

ಲೆಕ್ಕ ಹಾಕಿ ನೋಡಿ. 24 ಇಂಚಿನ ಪರದೆ ಸುಮಾರು 53 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ. ಡೆಮಿ 1/8 ಪುಟ ಸುಮಾರು 14 ಅಗಲ, 21.5 ಎತ್ತರ. ಅಡ್ಡ ಇಟ್ಟಾಗ ಮೆನು, ಟಾಸ್ಕ್‌ಬಾರ್ ಕಳೆದರೆ ಪೂರ್ತಿ ಪುಟ ಅದರ ನಿಜವಾದ ಅಳತೆಗಿಂತ ಒಂದಿಷ್ಟೇ ದೊಡ್ಡದಾಗಿ ಕಾಣುತ್ತದೆ. ಅಕ್ಕಪಕ್ಕ ಜಾಗ ಸುಮ್ನೆ ಖಾಲಿ. ನಿಲ್ಲಿಸಿದರೆ ಅದೇ ಪುಟ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದಾಗಿ, ಮೇಲಿಂದ ಕೆಳಗಿನವರೆಗೂ ಕಾಣುತ್ತದೆ. ಕನ್ನಡಕ್ಕೆ ಇದು ಇಂಗ್ಲಿಷಿಗಿಂತ ಜಾಸ್ತಿ ಬೇಕು. ನಮ್ಮ ಒತ್ತು ಅಕ್ಷರದ ಕೆಳಗೆ ಕೂರುತ್ತದೆ. ‘ಸ್ತ್ರೀ’, ‘ಲಕ್ಷ್ಮಿ’ ಬಂದ ಕಡೆ ಎರಡೆರಡು. ಅವಕ್ಕೆ ಜಾಗ ಬಿಡಲು ಸಾಲುಗಳ ನಡುವಿನ ಅಂತರ (ಲೀಡಿಂಗ್) ಹೆಚ್ಚು ಕೊಡಲೇಬೇಕು. ಹಾಗಾಗಿ ನಮಗೆ ಬೇಕಾದದ್ದು ಎತ್ತರ.

ಇದೇನು ಹೊಸ ಯೋಚನೆಯೂ ಅಲ್ಲ. 1973ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಆಲ್ಟೊ ಎಂಬ ಕಂಪ್ಯೂಟರ್ ಮಾಡಿದರು. ಅದರ ಪರದೆ ನಿಂತದ್ದೇ ಇತ್ತು, 606 ಚುಕ್ಕಿ ಅಗಲ, 808 ಚುಕ್ಕಿ ಎತ್ತರ. ಕಾಗದದ ಒಂದು ಪುಟ ಹೇಗಿರುತ್ತದೋ ಹಾಗೆ. ಪುಟದ ಕೆಲಸ ಮಾಡುವವರಿಗೆ ಅಡ್ಡ ಪರದೆ ಆಮೇಲೆ ಬಂದ ಒಗ್ಗದ ಅಭ್ಯಾಸ ಎಂದೇ ನನ್ನ ಅಭಿಪ್ರಾಯ.

ಈಗ ಬಣ್ಣದ ಅಂಚಿನ ವಿಷಯ. ಪರದೆಯ ಒಂದೊಂದು ಚುಕ್ಕಿಯೊಳಗೂ ಕೆಂಪು, ಹಸಿರು, ನೀಲಿ ಪಟ್ಟಿಗಳು ಅಕ್ಕಪಕ್ಕ ನಿಂತಿರುತ್ತವೆ. ವಿಂಡೋಸಿನ ಕ್ಲಿಯರ್‌ಟೈಪ್ ಆ ಪಟ್ಟಿಗಳನ್ನು ಬಿಡಿಬಿಡಿಯಾಗಿ ಬಳಸಿ ಅಕ್ಷರದ ಅಂಚು ನಯ ಮಾಡುತ್ತದೆ. ನೀವು ಮಾನಿಟರ್ ತಿರುಗಿಸಿದಾಗ ಪಟ್ಟಿಗಳು ಒಂದರ ಮೇಲೊಂದು ಮಲಗಿದವು. ಕ್ಲಿಯರ್‌ಟೈಪ್ ಮಾತ್ರ ಇನ್ನೂ ಅಕ್ಕಪಕ್ಕ ಇವೆ ಎಂದೇ ಬರೆಯುತ್ತಿದೆ. ಅದಕ್ಕೇ ಬಣ್ಣ ಹೊರಗೆ ಚೆಲ್ಲುತ್ತದೆ, ಸಣ್ಣ ಒತ್ತಿಗೆ ಜಾಸ್ತಿ ಪೆಟ್ಟು ಬೀಳುತ್ತದೆ. ಸ್ಟಾರ್ಟ್‌ನಲ್ಲಿ ‘ಕ್ಲಿಯರ್‌ಟೈಪ್’ ಎಂದು ಹುಡುಕಿ, ಬರುವ ಕಿಟಕಿಯಲ್ಲಿ ಟಿಕ್ ತೆಗೆಯಿರಿ. ಅಂಚು ಸ್ವಲ್ಪ ಒರಟಾಗುತ್ತದೆ, ಆದರೆ ಬಣ್ಣ ಹೋಗುತ್ತದೆ. ಕರಡು ನೋಡಲು ಅದೇ ಒಳ್ಳೆಯದು.

ಅಳತೆ, ಬಣ್ಣ ನೋಡುವ ಕೆಲಸಕ್ಕೆ ಇನ್ನೊಂದು ಮಾನಿಟರ್ ಅಡ್ಡ ಇರಲಿ. ಮದುವೆ ಕಾರ್ಡಿಗೆ ಅದೇ ಸರಿ.

ಕೊಪ್ಪಿಕರ್_ರೋಡ್_ರಿಪೇರಿ (ಹುಬ್ಬಳ್ಳಿ)

ಅಕ್ಕಾರು ಹೇಳಿದ್ದು ಬರೋಬ್ಬರಿ. ಎರಡನೇ ತೊಂದರೆಗೆ ನಾನು ಹೇಳುತ್ತೇನೆ. ನಿಮ್ಮ ಮಾನಿಟರಿನ ಪರದೆ ‘ಟಿಎನ್’ ಎಂಬ ಬಗೆಯ ಪ್ಯಾನೆಲ್ ಇರಬೇಕು. ಅದನ್ನು ಕೆಳಗಿನಿಂದ ನೋಡಿದರೆ ಕಪ್ಪಾಗುತ್ತದೆ. ನಿಲ್ಲಿಸಿದಾಗ ಆ ಕೆಳಗಿನ ಬದಿ ಎಡಕ್ಕೋ ಬಲಕ್ಕೋ ಬರುತ್ತದೆ. ಒಂದು ಕಣ್ಣಿಗೆ ಒಂದು ಬಣ್ಣ, ಇನ್ನೊಂದಕ್ಕೆ ಇನ್ನೊಂದು. ಹೊತ್ತು ಕಳೆದಂತೆ ತಲೆ ನೋಯುತ್ತದೆ. ಇದನ್ನು ಯಾವ ಸೆಟ್ಟಿಂಗೂ ಸರಿ ಮಾಡುವುದಿಲ್ಲ, ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ‘ಐಪಿಎಸ್’ ಬಗೆಯ ಪ್ಯಾನೆಲ್ ತನ್ನಿ. ಅಂಗಡಿಯಲ್ಲಿ ಬೂದು ಬಣ್ಣದ ಒಂದು ಚಿತ್ರ ತೆರೆಸಿ, ಕೆಳಗೆ ಕುಳಿತು ಮೇಲಕ್ಕೆ ನೋಡಿ. ಬಣ್ಣ ಹಾಗೇ ಇದ್ದರೆ ತಗೊಳ್ಳಿ.

ಗೋಡೆಗೆ ಒರಗಿಸುವುದು ಬೇಡ, ಜಾರಿ ಬಿದ್ದರೆ ಪ್ಯಾನೆಲ್ ಹೋಯಿತು. ಸ್ಟ್ಯಾಂಡೇ ತಿರುಗುವಂಥದ್ದು ಸಿಕ್ಕರೆ ಸರಿ. ಇಲ್ಲವಾದರೆ ಹಿಂದೆ 75 ಅಥವಾ 100 ಮಿಲಿಮೀಟರ್ ಅಂತರದ ನಾಲ್ಕು ತೂತು ಇವೆಯಾ ನೋಡಿ, ಅದಕ್ಕೆ ಮಾನಿಟರ್ ಹಿಡಿದುಕೊಳ್ಳುವ ಆರ್ಮ್ ಕೂರುತ್ತದೆ. ತಿರುಗಿಸುವ ಮುಂಚೆ ಪೂರ್ತಿ ಮೇಲಕ್ಕೆ ಎತ್ತಿ, ಮೂಲೆ ಟೇಬಲ್ಲಿಗೆ ಬಡಿಯುತ್ತದೆ. ವೈರು ಸಡಿಲ ಇರಲಿ.

ಇನ್ನೊಂದು. ಪರದೆ ತಲೆಕೆಳಗಾಯಿತು, ಕೆಟ್ಟಿತು ಎಂದು ನಮ್ಮಲ್ಲಿಗೆ ಹಳೆಯ ಕಂಪ್ಯೂಟರ್ ಹೊತ್ತು ತರುತ್ತಾರೆ. ಇಂಟೆಲ್ ಗ್ರಾಫಿಕ್ಸಿನ ಹಳೆಯ ಡ್ರೈವರುಗಳಲ್ಲಿ ಕಂಟ್ರೋಲ್, ಆಲ್ಟ್, ಬಾಣದ ಗುಂಡಿ ಒಟ್ಟಿಗೆ ಒತ್ತಿದರೆ ಪರದೆ ತಿರುಗುತ್ತದೆ. ಮೇಲ್ಬಾಣ ಒತ್ತಿದರೆ ನೆಟ್ಟಗಾಗುತ್ತದೆ. ಸೆಟ್ಟಿಂಗಿನಲ್ಲಿ ತಪ್ಪು ದಿಕ್ಕು ಆರಿಸಿದರೂ ಹೆದರಬೇಡಿ. ಏನೂ ಒತ್ತದೆ 15 ಸೆಕೆಂಡ್ ಬಿಟ್ಟರೆ ಮೊದಲಿನ ಹಾಗೆ ಬರುತ್ತದೆ.

ಹಾವೇರಿ_ಲಿನಕ್ಸ್ (ಹಾವೇರಿ)

ಸರ್, ವಿಂಡೋಸ್ ಬದಲು ಲಿನಕ್ಸ್ ಬಳಸುವವರು ಓದಿದರೆ ಇರಲಿ ಎಂದು ಬರೆಯುತ್ತಿದ್ದೇನೆ. ಅಲ್ಲಿ ಅಕ್ಷರ ನಯ ಮಾಡುವುದನ್ನು ನಿಲ್ಲಿಸಬೇಕಾಗಿಲ್ಲ. ಅಕ್ಷರದ ಸೆಟ್ಟಿಂಗ್ ನೋಡಿಕೊಳ್ಳುವ ಫಾಂಟ್‌ಕಾನ್ಫಿಗ್‌ನಲ್ಲಿ ಪಟ್ಟಿಗಳು ಮಲಗಿವೆ ಎಂದು ಹೇಳಬಹುದು, ಆ ಆಯ್ಕೆಯ ಹೆಸರು ‘ವಿಆರ್‌ಜಿಬಿ’. ಪರದೆ ಬೇರೆ ಕಡೆ ತಿರುಗಿದ್ದರೆ ‘ವಿಬಿಜಿಆರ್’. ಲಿನಕ್ಸಿನಲ್ಲಿ ಪರದೆ ನಡೆಸುವ ಹಳೆಯ ‘ಎಕ್ಸ್’ ವ್ಯವಸ್ಥೆಯಲ್ಲಿ ‘ಎಕ್ಸ್‌ರ‍್ಯಾಂಡ್‌ಆರ್’ ಕಮಾಂಡಿಗೆ ಒಂಬತ್ತು ಅಂಕಿಗಳ ಮ್ಯಾಟ್ರಿಕ್ಸ್ ಕೊಟ್ಟರೆ ಪರದೆಯನ್ನು ಓರೆಯಾಗಿ, ಬೇಕಾದ ಕೋನಕ್ಕೆ ತಿರುಗಿಸಬಹುದು. ನಾನು ಮಾಡಿ ನೋಡಿದ್ದೇನೆ. ಬಹಳ ಚಂದದ ಗಣಿತ ಅದು! ಅದರ ಜಾಗಕ್ಕೆ ಬಂದ ಹೊಸ ವೇಲ್ಯಾಂಡ್‌ನಲ್ಲಿ ಕಾಲು ಸುತ್ತಿನ ತಿರುಗು, ಅದರ ಕನ್ನಡಿ ಬಿಂಬ, ಒಟ್ಟು ಎಂಟೇ ರೀತಿ. ಪುಟದ ಕೆಲಸಕ್ಕೆ ಓರೆ ಪರದೆ ಬೇಡ, ಮೂಲೆಗಳೆಲ್ಲ ವ್ಯರ್ಥ.

ಬೆಟಗೇರಿ_ಡಿಟಿಪಿ (ಗದಗ)

ಎಲ್ಲರಿಗೂ ಬಹಳ ಉಪಕಾರ. ಕ್ಲಿಯರ್‌ಟೈಪ್ ಟಿಕ್ ತೆಗೆದೆ, ಬಣ್ಣ ಹೋಯಿತು. ‘ಸ್ತ್ರ’ ಈಗ ಬಿಡಿಬಿಡಿಯಾಗಿ ಕಾಣುತ್ತದೆ. ಐಪಿಎಸ್ ಮಾನಿಟರಿಗೆ ಮಾಲೀಕರು ಹೂಂ ಎಂದಿದ್ದಾರೆ. ಅಕ್ಕಾ, ಒಂದು ಕೇಳುತ್ತೇನೆ. ಎದುರುಬದುರು ಎರಡು ಪುಟ ಒಟ್ಟಿಗೆ ನೋಡಬೇಕಾದಾಗ ಹೇಗೆ ಮಾಡುತ್ತೀರಿ?

ಕರಡು_ತಿದ್ದುವವಳು (ಧಾರವಾಡ)

ಡೆಮಿ 1/8ರ ಎರಡು ಪುಟ ಸೇರಿದರೆ 28 ಸೆಂಟಿಮೀಟರ್ ಅಗಲ. ನಿಂತ ಪರದೆ 30 ಇದೆ. ನಿಜವಾದ ಅಳತೆಯಲ್ಲೇ ಕೂರುತ್ತದೆ, ಆದರೆ ರೂಲರ್, ಪ್ಯಾಲೆಟ್ ಮುಚ್ಚಿ. ಎರಡೂ ಕಡೆ ಸಾಲುಗಳು ಒಂದೇ ಮಟ್ಟಕ್ಕೆ ಬಂದಿವೆಯಾ ಎಂದು ನೋಡಲು ಅಷ್ಟು ಸಾಕು. ಎ4 ಸೈಜಿನ ಎರಡು ಪುಟವಾದರೆ 42 ಆಗುತ್ತದೆ. ಅದಕ್ಕೆ ಅಡ್ಡ ಮಾನಿಟರೇ ಬೇಕು.